ನೂರ ಎಂಬತ್ನಾಲ್ಕು ಸುತ್ತು

ಆ ಮನೆಯಲ್ಲಿ ಸಂಜೆ ಐದರಿಂದ ಆರರವರೆಗೆ ಹೊಲಿಗೆ ಯಂತ್ರ ಓಡುತ್ತಿರಲಿಲ್ಲ. ಹಾಗಂತ ಯಾರೂ ಕಟ್ಟಪ್ಪಣೆ ಮಾಡಿದ್ದಲ್ಲ. ಸೊಸೆ ಈ ಮನೆಗೆ ಬಂದ ಹೊಸದರಲ್ಲಿ ಒಂದು ಸಂಜೆ ಯಂತ್ರದ ಪೆಡಲಿನ ಮೇಲೆ ಕಾಲಿಟ್ಟಾಗ, ಪಕ್ಕದ ಕೋಣೆಯಲ್ಲಿ ಹಾಡು ಕೇಳುತ್ತಿದ್ದ ಮಾವ ಎದ್ದು ಹಾಡನ್ನೇ ನಿಲ್ಲಿಸಿ, "ನೀನು ಹೊಲಿಯಮ್ಮಾ, ನಿನ್ನದು ದುಡಿಮೆ. ನಾನು ಆಮೇಲೆ ಕೇಳ್ತೀನಿ" ಅಂದಿದ್ದರು. ಅಷ್ಟೇ. ಮರುದಿನದಿಂದ ಅವಳು ಆ ಒಂದು ಗಂಟೆಯನ್ನು ಕೈಹೊಲಿಗೆಗೆ ಎತ್ತಿಟ್ಟಳು. ಗುಂಡಿ, ಕಾಜ, ಅಂಚು. ಸೂಜಿಗೆ ಸದ್ದಿಲ್ಲ.

ಮಾವನ ಕೋಣೆಯಲ್ಲಿ ಸೊಂಟದೆತ್ತರದ ಎರಡು ಮರದ ಸ್ಪೀಕರ್ ಪೆಟ್ಟಿಗೆಗಳಿದ್ದವು. ಎಡಗಡೆಯದು ಕಪಾಟಿನ ಪಕ್ಕ, ಬಲಗಡೆಯದು ಕಿಟಕಿಯ ಪಕ್ಕ. ಅವೆರಡರ ಎದುರಿಗೆ ಸರಿಯಾಗಿ ನಡುವೆ ಒಂದು ಕುರ್ಚಿ. ಇಪ್ಪತ್ತು ವರ್ಷ ಒಂದೇ ಕಡೆ ನಿಂತು ಅದರ ನಾಲ್ಕು ಕಾಲೂ ನೆಲದಲ್ಲಿ ಗುರುತು ಮಾಡಿದ್ದವು. ನೆಲ ಒರೆಸಲು ಕುರ್ಚಿ ಸರಿಸಿದರೆ ವಾಪಸ್ಸು ಆ ಗುರುತಿನ ಮೇಲೇ ಇಡಬೇಕು. ಒಂದು ಗೇಣು ಆಚೀಚೆಯಾದರೂ ಮಾವನಿಗೆ ಗೊತ್ತಾಗುತ್ತಿತ್ತು. "ಇವತ್ತು ಯಾಕೋ ಹಾಡೋಳು ಕಿಟಕಿ ಹತ್ರ ಹೋಗಿ ನಿಂತಿದಾಳಲ್ಲ" ಎಂದು ನಗುತ್ತ ಕುರ್ಚಿಯನ್ನು ತಾವೇ ಸರಿಮಾಡಿಕೊಳ್ಳುತ್ತಿದ್ದರು.

ಅವರು ಸ್ಪೀಕರ್ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಅವರದು ಕೊನೆಯ ಮೇಜು. ಅಳತೆಯ ಯಂತ್ರಗಳೆಲ್ಲ ಪಾಸು ಮಾಡಿದ ಪೆಟ್ಟಿಗೆ ಕಡೆಗೆ ಅವರ ಕಿವಿಗೆ ಬರಬೇಕು. ಅವರು ತಲೆಯಾಡಿಸಿದರೆ ಮಾತ್ರ ರಟ್ಟಿನ ಡಬ್ಬಿಗೆ. ಅತ್ತೆಯೂ ಅಲ್ಲೇ, ತಾಮ್ರದ ತಂತಿ ಸುತ್ತುವ ವಿಭಾಗದಲ್ಲಿ. ಕಾರ್ಖಾನೆ ಮುಚ್ಚುವ ವರ್ಷ ಇಬ್ಬರೂ ಸೇರಿ ಮನೆಗೆಂದು ಈ ಒಂದು ಜೊತೆ ಮಾಡಿಕೊಂಡರು. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಈ ಮನೆಗೆ ಬಂದ ಸೊಸೆ ಮೊದಲು ಕಲಿತದ್ದು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತಲ್ಲ, ಆ ಪೆಟ್ಟಿಗೆಗಳ ಮೇಲೆ ಒದ್ದೆ ಬಟ್ಟೆ ಆಡಿಸಬಾರದು ಅಂತ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ, ಒಂದು ರಾತ್ರಿ ಊಟಕ್ಕೆ ಕೂತಾಗ, ಮಾವ ತಟ್ಟೆಯಲ್ಲಿ ಬೇಳೆ ಕಲಸುತ್ತ, "ಇತ್ತೀಚೆಗೆ ಯಾಕೋ ಎಲ್ಲ ಮಂಕಾಗಿ ಕೇಳಿಸ್ತಿದೆ" ಅಂದರು.

ಮಗ ತಲೆಯೆತ್ತಿದ. ಅವನು ಲಿಫ್ಟ್ ಮೆಕ್ಯಾನಿಕ್. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಿ, ಸವೆದದ್ದನ್ನು ಕೆಡುವ ಮೊದಲೇ ಬದಲಾಯಿಸುವುದು ಅವನ ಕೆಲಸ.

"ಇಪ್ಪತ್ತು ವರ್ಷದ ಸಾಮಾನು ಅಪ್ಪಾ. ಮಂಕಾಗದೆ ಇನ್ನೇನಾಗುತ್ತೆ? ಒಳಗಿಂದೆಲ್ಲ ಒಂದ್ಸಲ ಬದಲಾಯಿಸ್ಬೇಕು."

"ಅದೇನೂ ಕೆಟ್ಟಿಲ್ಲ ಬಿಡೋ."

"ಲಿಫ್ಟಿನ ಹಗ್ಗ ಹಳೇದಾದ್ರೆ, ಹರಿಯೋ ತನಕ ಕಾಯ್ತಾರಾ?"

"ಅಜ್ಜನ ಪೆಟ್ಟಿಗೆ ಏನು ಹನ್ನೆರಡನೇ ಮಾಳಿಗೆಯಿಂದ ಬೀಳುತ್ತಾ ಅಪ್ಪಾ?" ಎಂದಳು ಮೊಮ್ಮಗಳು. ಕಾಲೇಜಿನ ಮೊದಲ ವರ್ಷ. ನಾಲಿಗೆ ಚುರುಕು ಅಂತ ಅಜ್ಜ ಅವಳನ್ನು ಕರೆಯುವುದೇ ಕಿಡಿ ಎಂದು.

"ನೀನು ಸುಮ್ನೆ ಊಟ ಮಾಡು."

ಮಾವ ಏನೋ ಹೇಳಲು ಬಾಯಿ ತೆರೆದವರು ನೀರು ಕುಡಿದು ಎದ್ದರು. ಮಾತು ಅಲ್ಲಿಗೆ ಮುಗಿಯಿತು ಅಂತ ಸೊಸೆ ಅಂದುಕೊಂಡಳು. ಗಂಡ ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡಿದ್ದ.

ಎರಡು ವಾರದ ನಂತರ ಮಾವ ತಮ್ಮ ತಂಗಿಯ ಮನೆಗೆ ಹತ್ತು ದಿನ ಇರಲು ಹೋದರು. ಬರುವ ಹೊತ್ತಿಗೆ ಅವರಿಗೆ ಎಪ್ಪತ್ತೈದು ತುಂಬುತ್ತಿತ್ತು. ಅವರು ಹೋದ ಮರುದಿನವೇ ಮನೆಗೆ ಒಂದು ಭಾರದ ಡಬ್ಬಿ ಬಂತು. ಯಾರೋ ಇಂಥ ಹಳೆಯ ಸ್ಪೀಕರುಗಳಿಗೆಂದೇ ಜೋಡಿಸಿ ಮಾರುವ ಹೊಸ ಬಿಡಿಭಾಗಗಳು. ದಪ್ಪ ತಂತಿ ಸುತ್ತಿದ ದೊಡ್ಡ ಕಾಯಿಲ್‌ಗಳು, ಬೆರಳುದ್ದದ ಮಿರುಗುವ ಕೆಪಾಸಿಟರ್‌ಗಳು, ಚಿನ್ನದ ಬಣ್ಣದ ತಿರುಪುಗಳು.

"ನೋಡು, ಹೇಗಿದೆ ತೂಕ," ಎಂದು ಗಂಡ ಕಾಯಿಲ್ ಒಂದನ್ನು ಅವಳ ಅಂಗೈಯಲ್ಲಿಟ್ಟ. "ಹಳೇದರ ನಾಲ್ಕರಷ್ಟಿದೆ. ಆಗಿನ ಕಾಲದಲ್ಲಿ ಕಂಪನಿಯವರು ಖರ್ಚು ಉಳಿಸೋಕೆ ತೆಳ್ಳಗಿನ ತಂತಿ ಹಾಕಿದಾರೆ. ಅಪ್ಪ ಬಂದು ಕೇಳಿದ್ರೆ ಬೆರಗಾಗ್ಬೇಕು."

"ಮಾವನಿಗೆ ಒಂದು ಮಾತು ಕೇಳ್ಬಾರ್ದಿತ್ತಾ ರೀ?"

"ಕೇಳಿದ್ರೆ ಬೇಡ ಅಂತಾರೆ. ಅವರು ಯಾವತ್ತು ಏನು ಬೇಕು ಅಂದಿದಾರೆ? ಹೊಸ ಕನ್ನಡಕಕ್ಕೇ ಒಂದು ವರ್ಷ ಬೇಡ ಅಂದಿದ್ರು."

ಅದೂ ನಿಜವೇ. ಗಂಡ ರಜೆಯ ನಾಲ್ಕು ದಿನಗಳನ್ನು ಆ ಕೋಣೆಯಲ್ಲಿ ಮೊಣಕಾಲೂರಿ ಕಳೆದ. ಕೆಲಸದಿಂದ ಬಂದ ಮೇಲೂ ಕೈತೊಳೆದು ಅಲ್ಲಿಗೇ. ಬೆಸುಗೆಯ ಹೊಗೆ ಅಡುಗೆಮನೆವರೆಗೂ ಬರುತ್ತಿತ್ತು. ತಂದೆಗೆ ಏನಾದರೂ ಕೊಡಲು ಆ ಗಂಡಸು ಎಷ್ಟು ವರ್ಷದಿಂದ ಕಾದಿದ್ದನೋ ಎಂದು ಅವಳಿಗೆ ಅನ್ನಿಸಿತು. ಚಹಾ ತಂದಿಟ್ಟು, ಆರಿದ ಮೇಲೆ ಬಿಸಿಮಾಡಿ ಮತ್ತೆ ತಂದಿಟ್ಟಳು.

ಕೊನೆಯ ದಿನ ಮೂಲೆಯಲ್ಲಿ ಹಳೆಯ ಸಾಮಾನಿನ ಗುಡ್ಡೆ ಬಿದ್ದಿತ್ತು. ಧೂಳು ಹಿಡಿದ ತಂತಿ, ಬಣ್ಣಗೆಟ್ಟ ಕೆಪಾಸಿಟರ್, ದಾರದ ರೀಲಿನ ಹಾಗಿದ್ದ ಎರಡು ಮರದ ಉರುಳೆಗಳ ಮೇಲೆ ಸುತ್ತಿದ ತಾಮ್ರ.

"ಇದನ್ನೆಲ್ಲ ಏನ್ಮಾಡ್ಲಿ?"

"ಬಿಸಾಕು. ಇನ್ಯಾತಕ್ಕೆ ಅದು?"

ಅವಳ ಹೊಲಿಗೆಯ ಮೂಲೆಯಲ್ಲಿ ಒಂದು ಚೀಲ ನೇತುಹಾಕಿತ್ತು. ಯಾರದೇ ಬಟ್ಟೆ ಚಿಕ್ಕದು ಮಾಡಿದರೂ ಕತ್ತರಿಸಿದ ಚೂರನ್ನು ಚೀಟಿ ಚುಚ್ಚಿ ಅದರಲ್ಲಿ ಹಾಕುತ್ತಿದ್ದಳು. ಬಟ್ಟೆಯವರು ತೊಟ್ಟು, ನಡೆದು, ಕೂತು, ಸರಿಯಾಗಿದೆ ಎಂದು ಬಂದು ಹೇಳುವವರೆಗೆ ಮೂರು ತಿಂಗಳಾದರೂ ಆ ಚೂರು ಹೊರಗೆ ಹೋಗುವಂತಿಲ್ಲ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆ ನಿಯಮ ತಪ್ಪಿರಲಿಲ್ಲ. ಆ ದಿನ ಮಾತ್ರ, ಮಾವ ಬರುವ ಮುಂಚೆ ಕೋಣೆ ಚೊಕ್ಕಟವಾಗಿರಲಿ ಎಂಬ ಅವಸರದಲ್ಲಿ, ಆ ಗುಡ್ಡೆಯನ್ನು ತೂತು ಬಿದ್ದ ಬೋಗುಣಿ ಮತ್ತು ಸೋರುವ ಎರಡು ನಲ್ಲಿಗಳ ಜೊತೆ ಬಕೆಟ್ಟಿಗೆ ತುಂಬಿ ಗುಜರಿಯವನಿಗೆ ಕೊಟ್ಟಳು.

ಮಾವ ವಾಪಸ್ಸು ಬಂದದ್ದು ಹುಟ್ಟುಹಬ್ಬದ ದಿನವೇ. ಆ ಸಂಜೆ ಮನೆಯವರೆಲ್ಲ ಕೋಣೆಯಲ್ಲಿ ನೆರೆದರು. ಮಗ ಹಾಡು ಹಾಕಿದ. ಮಾವ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಹಾಡು ಅರ್ಧಕ್ಕೆ ಬರುವ ಮೊದಲೇ ಕಣ್ಣು ತೆರೆದು, ಪೆಟ್ಟಿಗೆಯನ್ನಲ್ಲ, ಮಗನ ಮುಖವನ್ನು ನೋಡಿದರು. ಅವನು ಗುಟುಕಿಗೆ ಕಾದ ಹಕ್ಕಿಮರಿಯ ಹಾಗೆ ನಿಂತಿದ್ದ.

"ಚೆನ್ನಾಗಿದೆ," ಅಂದರು ಮಾವ.

"ನಿಜವಾಗ್ಲೂ?"

"ಚೆನ್ನಾಗಿದೆ ಕಣೋ. ಎಷ್ಟು ಕಷ್ಟಪಟ್ಟಿದೀಯ."

ಆ ರಾತ್ರಿ ಗಂಡ ಎರಡು ಸಲ ಅನ್ನ ಬಡಿಸಿಕೊಂಡ.

ಮುಂದಿನ ವಾರ ಒಂದು ದಿನ ಐದು ಗಂಟೆಗೆ ಮಾವ ಚಪ್ಪಲಿ ಮೆಟ್ಟಿಕೊಂಡು, "ಸ್ವಲ್ಪ ಕಾಲಾಡಿಸಿ ಬರ್ತೀನಿ" ಎಂದು ಹೊರಟರು. ಮರುದಿನವೂ ಹಾಗೇ. ಮೂರನೆಯ ದಿನ ಬಾಗಿಲಲ್ಲಿ ನಿಂತು, "ಯಂತ್ರ ಯಾಕೆ ನಿಲ್ಲಿಸ್ತೀಯಮ್ಮಾ? ಹೊಲಿ, ಹೊಲಿ. ಬೆಳಕಿದ್ದಾಗ್ಲೇ ಮುಗಿಸ್ಕೋ" ಅಂದರು.

ಅವಳು ಹೊಲಿದಳು. ಐದರಿಂದ ಆರರವರೆಗೆ ಯಂತ್ರ ಟಕಟಕ ಓಡಿತು. ಆ ಗಂಟೆಯಲ್ಲಿ ಮೂರು ಪ್ಯಾಂಟು ಹೆಚ್ಚಿಗೆ ಮುಗಿಯಿತು. ಪ್ರತಿ ಹೊಲಿಗೆಯೂ ಯಾರದೋ ಮಾತಿನ ನಡುವೆ ಬಾಯಿ ಹಾಕಿದಂತೆ ಅವಳಿಗೆ ಕೇಳಿಸಿತು. ಮೊದಲೆಲ್ಲ ಬಟಾಣಿ ಬಿಡಿಸಲು ಕೊಟ್ಟರೆ ಗುನುಗುತ್ತ ಬಿಡಿಸುತ್ತಿದ್ದ ಮಾವ ಈಗ ಸುಮ್ಮನೆ ಬಿಡಿಸುತ್ತಿದ್ದರು.

ಮೂರು ವಾರ ಕಳೆದ ಮೇಲೆ ಒಂದು ರಜೆಯ ದಿನ, ಬೆಳಗಿನ ತಿಂಡಿಗೆ ಕೂತಾಗ, ಅದು ಹೊರಬಿತ್ತು.

"ಅಪ್ಪಾ, ಪೆಟ್ಟಿಗೆ ಮೇಲೆ ಧೂಳು ಕೂತಿದೆ. ನೀನು ಕೇಳ್ತಾನೇ ಇಲ್ವಲ್ಲ," ಎಂದ ಮಗ.

"ಕೇಳ್ತೀನೋ. ಈಗ ಬಿಸಿಲು ಚೆನ್ನಾಗಿದೆ, ಹೊರಗೆ ಹೋಗೋಣ ಅನ್ಸುತ್ತೆ."

"ಐದು ಗಂಟೆಗೆ ಎಂಥ ಬಿಸಿಲು ಅಜ್ಜ?" ಎಂದಳು ಕಿಡಿ. "ಸುಮ್ನೆ ಹೇಳ್ಬಿಡು. ಅಪ್ಪಾ, ಅದು ಕೇಳೋಕಾಗಲ್ಲ. ಹಾಡೋರೆಲ್ಲ ಮುಖದ ಮುಂದೆ ಬಂದು ಕಿರುಚಿದ ಹಾಗಿರುತ್ತೆ. ನಾನು ಒಂದಿನ ಹಾಕಿ ನೋಡಿದೆ, ತಲೆನೋವು ಬಂತು."

"ನಿಂಗೇನು ಗೊತ್ತು? ಇಡೀ ದಿನ ಕಿವಿಯಲ್ಲಿ ಇಯರ್‌ಫೋನಿನ ಬಟಾಣಿ ಕಾಳು ಸಿಕ್ಕಿಸ್ಕೊಂಡು ತಿರುಗೋಳು ನೀನು."

"ಕಾಳು ಸಿಕ್ಕಿಸ್ಕೊಂಡ್ರೂ ಕಿವಿ ನಂದೇ ತಾನೇ."

"ಹಾಗಾದ್ರೆ ಇಪ್ಪತ್ತು ದಿನದಿಂದ ಎಲ್ಲರೂ ಸೇರಿ ನನಗೆ ಸುಳ್ಳು ಹೇಳ್ತಿದೀರಾ?" ಗಂಡನ ಧ್ವನಿ ಏರಿತು. "ಅಪ್ಪಾ, ನೀನು ಹೇಳು. ಅಷ್ಟು ಒಳ್ಳೆ ಸಾಮಾನು ಹಾಕಿದೀನಿ. ಹಳೇದಕ್ಕಿಂತ ಕೆಟ್ಟದಾಗೋಕೆ ಹೇಗೆ ಸಾಧ್ಯ?"

ಮಾವ ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿಟ್ಟರು.

"ಸಾಮಾನು ಒಳ್ಳೇದೇ ಕಣೋ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ತೆಳ್ಳಗಿನ ತಂತಿ ಇದೆಯಲ್ಲ, ಅದು ಕರೆಂಟನ್ನ ಸ್ವಲ್ಪ ತಡೆಯುತ್ತೆ. ಅದು ಎಷ್ಟು ತಡೆಯುತ್ತೆ ಅಂತ ಗೊತ್ತಿದ್ದೇ ಉಳಿದಿದ್ದನ್ನೆಲ್ಲ ಹೊಂದಿಸಿರ್ತಾರೆ. ಹಳೇ ಕೆಪಾಸಿಟರೂ ಹಾಗೇ. ನೀನು ತಡೆಯೋದನ್ನೆಲ್ಲ ತೆಗೆದುಬಿಟ್ಟೆ. ಈಗ ಒಂದು ಸ್ವರ ಮುಂದೆ ನುಗ್ಗುತ್ತೆ, ಇನ್ನೊಂದು ಹಿಂದೆ ಉಳಿಯುತ್ತೆ."

ಸೊಸೆಗೆ ತಟ್ಟನೆ ಅರ್ಥವಾಯಿತು. ಚೆನ್ನಾಗಿ ಕತ್ತರಿಸಿದ ಕೋಟಿಗೆ ಒಳಗೆ ಗಟ್ಟಿ ಅಸ್ತರು ಹಾಕಿಕೊಡಿ ಎಂದು ಕೇಳಿಕೊಂಡು ಬರುವವರಿದ್ದರು. ಅಸ್ತರಿನ ಬಟ್ಟೆ ಒಳ್ಳೆಯದೇ. ಆದರೆ ಕೋಟಿನ ಹೆಗಲು ಸರಿಯಾಗಿ ಕೂರುವುದಿಲ್ಲ. ಅವಳು ಎಷ್ಟು ಜನರಿಗೆ ಈ ಮಾತು ಹೇಳಿ ವಾಪಸ್ಸು ಕಳಿಸಿರಲಿಲ್ಲ!

"ಹಾಗಾದ್ರೆ ಇಂಥದಕ್ಕೆ ಕೈಯೇ ಹಾಕ್ಬಾರ್ದಾ?" ಎಂದ ಮಗ. ಕೋಪ ಇಳಿದು ಧ್ವನಿ ಸಣ್ಣದಾಗಿತ್ತು.

"ಕೆಟ್ಟಿದ್ರೆ ಹಾಕ್ಬೇಕು. ಏನು ಕೆಟ್ಟಿದೆಯೋ ಅದಕ್ಕೆ ಮಾತ್ರ." ಮಾವ ಅವನ ಭುಜ ಮುಟ್ಟಿದರು. "ಹೋಗ್ಲಿ ಬಿಡು. ನಿಮ್ಮಮ್ಮ ಸುತ್ತಿದ ಕಾಯಿಲ್ ಇದ್ದೇ ಇದೆಯಲ್ಲ. ವಾಪಸ್ಸು ಕೂರಿಸಿದ್ರಾಯ್ತು, ಒಂದು ಮಧ್ಯಾಹ್ನದ ಕೆಲಸ. ಎಲ್ಲಿಟ್ಟಿದೀಯಮ್ಮಾ?"

ಅವರು ಕೇಳಿದ್ದು ಅವಳನ್ನು. ಅವಳ ಕೈಯಲ್ಲಿ ಚಹಾದ ಪಾತ್ರೆ ಇತ್ತು. ಅತ್ತೆ ಸುತ್ತಿದ್ದು ಎಂಬುದು ಅವಳಿಗೆ ಗೊತ್ತಾದದ್ದು ಆ ಗಳಿಗೆಯಲ್ಲಿ.

"ಒಳಗೆಲ್ಲೋ ಇಟ್ಟಿದೀನಿ ಮಾವ. ಹುಡುಕ್ತೀನಿ."

ಗಂಡ ಅವಳತ್ತ ನೋಡಲಿಲ್ಲ. ಬಿಸಾಕು ಎಂದದ್ದು ತಾನೇ ಎಂಬುದು ಅವನಿಗೂ ನೆನಪಿತ್ತು.

ನಾಲ್ಕು ದಿನ ಅವಳು ಹುಡುಕುತ್ತಲೇ ಇದ್ದಳು. "ಸಿಕ್ತಾ?" ಎಂದು ಮಾವ ಕೇಳುವುದು, "ಅಟ್ಟದ ಮೇಲಿರ್ಬೇಕು" ಎಂದು ಅವಳು ಹೇಳುವುದು. ಮಾವ ಒಮ್ಮೆ ಏಣಿ ಹಿಡಿದುಕೊಳ್ಳಲು ಬಂದೇಬಿಟ್ಟರು. ಇಲ್ಲದ್ದನ್ನು ಹುಡುಕಲು ಅವಳು ಅಟ್ಟ ಹತ್ತಿ, ಅಲ್ಲಿದ್ದ ಹಾಸಿಗೆಗಳನ್ನು ಆಚೆಯಿಂದ ಈಚೆಗೆ ಇಟ್ಟು, ಮೈಯೆಲ್ಲ ಧೂಳು ಮಾಡಿಕೊಂಡು ಇಳಿದಳು. ಕೆಳಗೆ ಏಣಿ ಹಿಡಿದಿದ್ದ ಮುದುಕರು "ಜೋಪಾನ ತಾಯಿ," ಅನ್ನುತ್ತಿದ್ದರು.

ಐದನೆಯ ದಿನ ಅವಳು ಗುಜರಿ ಅಂಗಡಿ ಹುಡುಕಿಕೊಂಡು ಹೋದಳು. ಅಲ್ಲಿ ತೂಕ ಮಾಡುವವಳು ಒಬ್ಬ ದಪ್ಪ ಹೆಂಗಸು.

"ತಾಮ್ರನಾ? ತಾಮ್ರ ಬಂದ ದಿನವೇ ಹೋಗ್ಬಿಡುತ್ತೆ ಅಕ್ಕಾ. ಕರಗಿ ಯಾವ ಅಂಗಡಿಯ ಚೊಂಬಾಗಿದೆಯೋ."

"ಅದರ ಒಳಗೆ ಒಂದು ಮರದ ರೀಲಿತ್ತು. ದಾರದ ರೀಲಿನ ಥರ. ಎರಡು."

"ಮರಕ್ಕೆ ಯಾರು ದುಡ್ಡು ಕೊಡ್ತಾರೆ? ನಮ್ಮ ಚಹಾ ಒಲೆಗೆ ಹೋಗಿರುತ್ತೆ." ಹೆಂಗಸು ಅವಳ ಮುಖ ನೋಡಿದಳು. "ಏನು, ಒಳಗೆ ಏನಾದ್ರೂ ಬಚ್ಚಿಟ್ಟಿದ್ರಾ?"

"ಇಲ್ಲ. ನಮ್ಮತ್ತೆಯದು."

ಹೆಂಗಸು ತಕ್ಕಡಿ ಇಟ್ಟಿದ್ದ ಮೇಜನ್ನು ಒಂದು ಕೈಯಿಂದ ಎತ್ತಿ ಹಿಡಿದು, "ಇದಾ ನೋಡಿ" ಅಂದಳು. ಮೇಜಿನ ಕುಂಟು ಕಾಲಿನ ಅಡಿಯಲ್ಲಿ ಒಂದು ಉರುಳೆ ಸಿಕ್ಕಿಸಿತ್ತು. ಒಂದೇ. ಸೊಸೆ ಒಲೆಯ ಬೂದಿಯನ್ನೂ ಕೆದಕಿ ನೋಡಿದಳು. ಮೇಜಿನ ಕಾಲಿಗೆ ಇಟ್ಟಿಗೆ ಚೂರು ಕೊಟ್ಟು, ಉರುಳೆಯನ್ನು ಸೆರಗಿನಲ್ಲಿ ಒರೆಸಿದಳು. ಅದರ ಮೇಲ್ಮೈಯಲ್ಲಿ ಪೆನ್ಸಿಲಿನಲ್ಲಿ ದುಂಡಗೆ ಬರೆದಿತ್ತು: ಎಡ. ಅದರ ಕೆಳಗೆ ೧೮೬ ಎಂದು ಬರೆದು, ಅಡ್ಡಗೆರೆ ಎಳೆದು, ೧೮೪.

ಮನೆಗೆ ಬಂದು ಮಾವನ ಮುಂದಿಟ್ಟಳು.

"ನಾನೇ ಕೊಟ್ಬಿಟ್ಟೆ ಮಾವ. ಗುಜರಿಗೆ. ಅಟ್ಟದಲ್ಲಿ ಏನೂ ಇರಲಿಲ್ಲ. ನಿಮ್ಮ ಕೈಲಿ ಏಣಿ ಹಿಡಿಸಿದೆ."

ಮಾವ ಉರುಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವರು ಪೆನ್ಸಿಲಿನ ಗೆರೆಯ ಮೇಲೆ ಬೆರಳು ಇಟ್ಟು, "ಇದು ನೋಡು. ನಾನು ಆ ಮೂಲೇಲಿ ಕೂತು ಕೇಳ್ತಿದ್ದೆ. ಅವಳು ಇಲ್ಲಿ. 'ಇನ್ನೊಂದು ಸುತ್ತು ಬಿಚ್ಚು' ಅಂತಿದ್ದೆ, ಬಿಚ್ತಿದ್ದಳು. ಎರಡು ಬಿಚ್ಚಿದ ಮೇಲೆ ಸಾಕು ಅಂದೆ. 'ಇದನ್ನ ಮೊದಲೇ ಹೇಳಿದ್ರೆ ಎರಡು ಸುತ್ತು ಉಳೀತಿತ್ತಲ್ಲ ಮಹಾರಾಯರೇ' ಅಂದಳು," ಎಂದರು. ನಕ್ಕರು. ನಗು ಪೂರ್ತಿಯಾಗಲಿಲ್ಲ.

"ಬಲಗಡೆದು ಎಷ್ಟು ಮಾವ? ಅದೂ ಅಷ್ಟೇ ತಾನೇ?"

"ಅಲ್ಲಮ್ಮಾ. ಎರಡು ಸ್ಪೀಕರ್ ಯಾವತ್ತೂ ಒಂದೇ ಥರ ಇರಲ್ಲ. ಅದಕ್ಕೆ ಬೇರೆ ಲೆಕ್ಕ. ಅದು ಅವಳಿಗೆ ಗೊತ್ತಿತ್ತು. ನಾನು ಬರೀ ಬಿಚ್ಚು ಅಂತಿದ್ದೆ, ಅಷ್ಟೇ."

ಆ ವಾರ ಗಂಡ ಬರುವಾಗ ಹಳೆಯ ಅಳತೆಯ ತೆಳ್ಳಗಿನ ತಂತಿ ತಂದ. ಹಳೆಯ ಬಗೆಯ ಕೆಪಾಸಿಟರ್ ಯಾವ ಅಂಗಡಿಯಲ್ಲಾದರೂ ಸಿಗುವಂಥದ್ದು, ಅದನ್ನೂ ತಂದ. ಮೊಮ್ಮಗಳು ಎಣಿಸಿದಳು, ಮಗ ಸುತ್ತಿದ. ನೂರ ಎಂಬತ್ನಾಲ್ಕಕ್ಕೆ ನಿಲ್ಲಿಸಿ ಎಡಗಡೆಯ ಪೆಟ್ಟಿಗೆಗೆ ಕೂರಿಸಿದರು. ಹಾಡು ಹಾಕಿದರೆ ಆ ಕಡೆಯ ಕಿರುಚಾಟ ನಿಂತಿತ್ತು. ಮಾವ ಮೆಲ್ಲಗೆ ತಲೆಯಾಡಿಸಿದರು.

ಮಗನಿಗೆ ಹುರುಪು ಬಂತು. ಅದೇ ಅಳತೆಯ ಇನ್ನೊಂದು ಮರದ ಉರುಳೆ ಕಡೆದು, ಅದಕ್ಕೆ ಇನ್ನೂರು ಸುತ್ತು ಸುತ್ತಿಟ್ಟುಕೊಂಡಿದ್ದ. "ಅಪ್ಪಾ, ಬಲಗಡೆದನ್ನೂ ಹಾಗೇ ಮಾಡೋಣ. ನೀನು ಕೂತ್ಕೊಂಡು ಕೇಳು. ನೀನು ಬಿಚ್ಚು ಅಂದ ಹಾಗೆ ನಾನು ಬಿಚ್ತೀನಿ. ಅಮ್ಮ ಮಾಡಿದ ಹಾಗೇ."

ಮಾವ ಕುರ್ಚಿಯ ಕೈ ಸವರುತ್ತ ಕೂತರು.

"ಕೇಳೋ ಕಿವಿ ಎಲ್ಲಿದೆ ಮಗಾ?"

"ಅಂದ್ರೆ?"

"ಪೆಟ್ಟಿಗೆ ಮಂಕಾಗಿರಲಿಲ್ಲ ಕಣೋ. ನಾನು ಮಂಕಾಗಿದ್ದೆ. ಎರಡು ವರ್ಷದಿಂದ ಮೇಲಿನ ಸ್ವರ ಕೇಳಿಸಲ್ಲ. ಜೋರಾಗಿ ಚುಚ್ಚಿದ್ರೆ ಗೊತ್ತಾಗುತ್ತೆ, ನವಿರಾಗಿದ್ರೆ ಇಲ್ಲ. ಕುಕ್ಕರಿನ ಸೀಟಿ ಬಿಟ್ರೆ ಅಡುಗೆಮನೆಯ ಸದ್ದೇ ನನಗಿಲ್ಲ."

ಮಗ ಕೈಯಲ್ಲಿದ್ದ ಇಕ್ಕಳವನ್ನು ನೆಲದ ಮೇಲಿಟ್ಟ.

"ಅವತ್ತು ಊಟಕ್ಕೆ ಕೂತಾಗ ಹೇಳ್ಬೇಕಿತ್ತು ನೀನು."

"ಹೇಳೋಣ ಅಂತಲೇ ಮಾತು ತೆಗೆದೆ. ನೀನು ಪೆಟ್ಟಿಗೆ ಅಂದೆ. ನನಗೂ ಅದೇ ಅನುಕೂಲ ಅನ್ಸಿತು. ಮೂವತ್ತೊಂದು ವರ್ಷ ಕಿವಿಯಿಂದಲೇ ಅನ್ನ ತಿಂದವನು, ಕಿವಿ ಹೋಯ್ತು ಅಂತ ಹೇಗೋ ಹೇಳೋದು?"

"ನಾನು ಕೇಳ್ತೀನಿ ಅಜ್ಜ," ಎಂದಳು ಕಿಡಿ. "ನನ್ನ ಕಿವಿ ಇದೆಯಲ್ಲ. ನೀನು ಏನು ಕೇಳಿಸ್ಕೋಬೇಕು ಅಂತ ಹೇಳಿಕೊಡು."

ಮೂರು ದಿನ ಸಂಜೆ ಅದೇ ಕೆಲಸ ನಡೆಯಿತು. ಅವಳು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳುವುದು, ಅಪ್ಪ ಒಂದೊಂದೇ ಸುತ್ತು ಬಿಚ್ಚುವುದು, ಅಜ್ಜ ಪಕ್ಕದಲ್ಲಿ ನಿಂತು ಅವಳ ಹುಬ್ಬು ನೋಡುವುದು. ನೂರ ತೊಂಬತ್ತರಲ್ಲಿ ಅವಳು, "ಇದು ಚೆನ್ನಾಗಿದೆ" ಅಂದಳು. ನೂರ ಎಂಬತ್ತೇಳರಲ್ಲೂ, "ಇದೂ ಚೆನ್ನಾಗಿದೆ" ಅಂದಳು.

"ಮೊದಲು ಇದ್ದ ಹಾಗಿದೆಯಾ?" ಎಂದು ಅಜ್ಜ ಕೇಳಿದರು.

ಕಿಡಿ ಕಣ್ಣು ಬಿಟ್ಟಳು.

"ಮೊದಲು ಹೇಗಿತ್ತು ಅಂತ ನನಗೆ ಗೊತ್ತಿಲ್ಲ ಅಜ್ಜ. ದಿನಾ ಇರ್ತಿತ್ತಲ್ಲ ಅಂತ ಗಮನ ಕೊಟ್ಟು ಕೇಳೇ ಇಲ್ಲ."

ಅಡುಗೆಮನೆಯ ಬಾಗಿಲಲ್ಲಿ ಆಲೂಗಡ್ಡೆ ಸುಲಿಯುತ್ತ ನಿಂತಿದ್ದ ಸೊಸೆ ಲೆಕ್ಕ ಹಾಕಿದಳು. ಹದಿನೆಂಟು ವರ್ಷ ಪ್ರತಿ ಸಂಜೆ ಸೂಜಿ ಹಿಡಿದು ಆ ಗೋಡೆಯಾಚೆ ಕೂತಿದ್ದಳು. ಅವಳನ್ನು ಕೇಳಿದ್ದರೂ ಇದೇ ಉತ್ತರ.

"ಇರ್ಲಿ, ಅಲ್ಲಿಗೇ ನಿಲ್ಲಿಸು," ಎಂದು ಮಾವ ಮಗನಿಗೆ ಹೇಳಿ ಕುರ್ಚಿಯಲ್ಲಿ ಕೂತು ಒಂದು ಹಾಡು ಪೂರ್ತಿ ಕೇಳಿದರು. "ಚೆನ್ನಾಗಿದೆ," ಅಂದರು.

ಹುಟ್ಟುಹಬ್ಬದ ಸಂಜೆ ಹೇಳಿದ್ದೂ ಇದೇ ಮಾತು, ಇದೇ ಧ್ವನಿಯಲ್ಲಿ. ಮಗ ತಲೆತಗ್ಗಿಸಿ ತಿರುಪುಗಳನ್ನು ಬಿಗಿಮಾಡಿದ. ಈ ಸಲ ಅವನು ನಿಜವಾಗ್ಲೂ ಎಂದು ಕೇಳಲಿಲ್ಲ.

ಮುಂದಿನ ವಾರ ಅವನೇ ಮಾವನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಶ್ರವಣ ಯಂತ್ರ ಬಂತು. ಕುಕ್ಕರು, ಪಾತ್ರೆ, ಕಿಡಿಯ ಎದುರುತ್ತರ ಎಲ್ಲ ಕೇಳಿಸತೊಡಗಿತು. ಹಾಡು ಕೇಳುವಾಗ ಮಾತ್ರ ಅದನ್ನು ತೆಗೆದಿಡುತ್ತಿದ್ದರು. ಅದರಲ್ಲಿ ಎಲ್ಲ ಹಾಡೂ ಫೋನಿನಲ್ಲಿ ಹಾಡಿದ ಹಾಗಿರುತ್ತದಂತೆ.

ಐದು ಗಂಟೆಗೆ ಮತ್ತೆ ಹಾಡು ಶುರುವಾಯಿತು, ಯಂತ್ರ ನಿಂತಿತು. ಆದರೆ ಬೆಳಗ್ಗೆ ನೆಲ ಒರೆಸಿ ಸೊಸೆ ಕುರ್ಚಿಯನ್ನು ನಾಲ್ಕು ಗುರುತಿನ ಮೇಲೆ ಇಟ್ಟರೆ, ಸಂಜೆ ಅದು ಎಡಗಡೆಯ ಪೆಟ್ಟಿಗೆಯ ಪಕ್ಕದಲ್ಲಿರುತ್ತಿತ್ತು. ಮಾವ ದಿನವೂ ಅದನ್ನು ಎಳೆದುಕೊಂಡು ಹೋಗಿ, ಕಪಾಟಿಗೆ ಒರಗಿಸಿ, ಅತ್ತೆಯ ಎಣಿಕೆ ಉಳಿದಿದ್ದ ಆ ಒಂದು ಪೆಟ್ಟಿಗೆಗೆ ಕಿವಿಗೊಟ್ಟು ಕೂರುತ್ತಿದ್ದರು. ಬಲಗಡೆಯದರ ತಂತಿಯನ್ನು ತಾವೇ ಕಳಚಿಡುತ್ತಿದ್ದರು. ಮಗ ಮನೆಗೆ ಬರುವ ಹೊತ್ತಿಗೆ ಮತ್ತೆ ಸಿಕ್ಕಿಸಿರುತ್ತಿದ್ದರು.

ಹೀಗೆ ಸುಮಾರು ದಿನ ನಡೆಯಿತು. ಒಂದು ಬೆಳಗ್ಗೆ ಅವಳು ನೆಲ ಒರೆಸಿ, ಕುರ್ಚಿ ಎತ್ತಿಕೊಂಡು ಸ್ವಲ್ಪ ಹೊತ್ತು ನಿಂತಳು. ನಾಲ್ಕು ಗುರುತುಗಳಲ್ಲಿ ಒರೆಸಿದ ನೀರು ನಿಂತಿತ್ತು. ಅವಳು ಕುರ್ಚಿಯನ್ನು ತಾನೇ ಎಡಗಡೆಗೆ ಒಯ್ದು ಕಪಾಟಿನ ಪಕ್ಕ ಇಟ್ಟಳು.

ಸಂಜೆ ಮಾವ ಬಂದು ನೋಡಿ, ಅಲ್ಲೇ ಕೂತರು. ಹಾಡು ಶುರುವಾಯಿತು. ಗುಂಡಿ ಹಚ್ಚಬೇಕಾದ ಅಂಗಿ ಹಿಡಿದು ಅವಳು ಅಂದು ಗೋಡೆಯಾಚೆ ಕೂರದೆ ಅದೇ ಕೋಣೆಯ ಹೊಸ್ತಿಲ ಮೇಲೆ ಕೂತಳು.

"ಇವತ್ತು ಹಾಡೋಳು ಎಲ್ಲಿ ನಿಂತಿದಾಳೆ ಮಾವ?"

ಮಾವ ಸ್ವಲ್ಪ ಹೊತ್ತು ಕೇಳಿದರು.

"ನಿಂತಿಲ್ಲಮ್ಮಾ. ಪೆಟ್ಟಿಗೆ ಒಳಗೆ ಹೋಗಿ ಕೂತಿದಾಳೆ," ಎಂದು ಅಂಗೈಯನ್ನು ಮರದ ಮೇಲಿಟ್ಟರು. "ಒಂದೇ ಪೆಟ್ಟಿಗೆಯಾದ್ರೆ ಹಾಗೇ. ಹೊರಗೆ ಬರಲ್ಲ."

ಅವಳು ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಗಲಿಲ್ಲ.